ರಾತ್ರಿ ಊಟಕ್ಕೆ ಸಲಾಡ್: ಕೋಸಂಬರಿಯೋ, ಕಾಳೋ, ಅವಲಕ್ಕಿಯೋ?

ರಾತ್ರಿ ಎಂಟು ಗಂಟೆಗೆ ಮನೆಗೆ ಬಂದು, ಅನ್ನ ಸಾರು ಮಾಡುವ ಮನಸ್ಸಿಲ್ಲದೆ, ಹಾಗಂತ ಬಿಸ್ಕತ್ತು ತಿಂದು ಮಲಗಲೂ ಆಗದೆ ಇರುವವರು ಕೇಳುವ ಪ್ರಶ್ನೆ ಒಂದೇ: ಡಬ್ಬದಲ್ಲಿ ಇರುವುದರಲ್ಲೇ ಏನಾದರೂ ಕಲಸಿಕೊಂಡು ಊಟ ಮುಗಿಸಬಹುದಾ? ಖಂಡಿತ ಆಗುತ್ತದೆ. ಲೆಟ್ಯೂಸ್, ಆಲಿವ್ ಎಣ್ಣೆ ಯಾವುದೂ ಬೇಕಾಗಿಲ್ಲ. ಹೆಸರುಬೇಳೆ, ಕಡಲೆ, ಅವಲಕ್ಕಿ, ಶೇಂಗಾ, ಮಂಡಕ್ಕಿ, ಒಂದು ಈರುಳ್ಳಿ, ಅರ್ಧ ನಿಂಬೆಹಣ್ಣು ಇದ್ದರೆ ದಾರಿಗಳು ಬೇಕಾದಷ್ಟಿವೆ. ಯಾವ ದಿನ ಯಾವುದನ್ನು ಆರಿಸಬೇಕು ಎಂಬಲ್ಲೇ ಗೊಂದಲ.

ಹಬ್ಬದ ಎಲೆಯ ಮೂಲೆಗೆ ಬಡಿಸುವ ಎರಡು ಚಮಚ ಕೋಸಂಬರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ರಾತ್ರಿ ಊಟದ ಅಳತೆ ಹಾಕಿದರೆ ಹನ್ನೊಂದು ಗಂಟೆಗೆ ಮತ್ತೆ ಹಸಿವಾಗುತ್ತದೆ. ಊಟ ಅನ್ನಿಸಿಕೊಳ್ಳಬೇಕಾದರೆ ಒಬ್ಬರಿಗೆ 50ರಿಂದ 60 ಗ್ರಾಂ ಒಣ ಬೇಳೆ ಅಥವಾ ಕಾಳು, ಎರಡು ಚಮಚ ಎಣ್ಣೆಯ ಒಗ್ಗರಣೆ, ತೆಂಗಿನಕಾಯಿಯೋ ಶೇಂಗಾವೋ ಒಂದಿಷ್ಟು ಬೇಕೇ ಬೇಕು. ಎಣ್ಣೆ ಬೇಡ, ಕಾಯಿ ಬೇಡ, ಬರೀ ಸೌತೆಕಾಯಿ ಸಾಕು ಎನ್ನುವವರ ಸಲಾಡ್ ಊಟ ಮೂರು ದಿನಕ್ಕಿಂತ ಹೆಚ್ಚು ನಡೆಯುವುದಿಲ್ಲ.

ಯಾವುದನ್ನು ನೋಡಿ ಆರಿಸಬೇಕು

ಮೊದಲು ನೋಡಬೇಕಾದ್ದು ನೆನೆಸುವ ಸಮಯ. ಒಲೆಯ ಮುಂದೆ ನಿಲ್ಲುವ ಹೊತ್ತು ಎಲ್ಲದಕ್ಕೂ ಹತ್ತು ಹದಿನೈದು ನಿಮಿಷವೇ. ಆದರೆ ಹೆಸರುಬೇಳೆ ನೆನೆಯಲು ಅರ್ಧ ಗಂಟೆ ಸಾಕು, ಕಾಬೂಲಿ ಕಡಲೆಗೆ ಎಂಟು ಗಂಟೆ ಬೇಕು. ಬೆಳಿಗ್ಗೆ ಮನೆಯಿಂದ ಹೊರಡುವ ಮುಂಚೆ ನೆನಪಾಯಿತಾ, ಬಂದ ಮೇಲೆ ನೆನಪಾಯಿತಾ ಎನ್ನುವುದರ ಮೇಲೆ ಅರ್ಧ ಆಯ್ಕೆ ತೀರ್ಮಾನವಾಗಿರುತ್ತದೆ.

ಎರಡನೆಯದು ಹೊಟ್ಟೆ ಹಿಡಿಯುವ ಗುಣ. ನೂರು ಗ್ರಾಂ ಒಣ ಹೆಸರುಬೇಳೆಯಲ್ಲಿ ಸುಮಾರು 24 ಗ್ರಾಂ ಪ್ರೋಟೀನ್ ಇದೆ, ಶೇಂಗಾದಲ್ಲಿ 25, ಕಡಲೆಯಲ್ಲಿ 20ರ ಆಸುಪಾಸು. ಅವಲಕ್ಕಿಯಲ್ಲಿ ಏಳೇ ಗ್ರಾಂ, ಅದು ಚಪ್ಪಟೆ ಮಾಡಿದ ಅಕ್ಕಿಯಷ್ಟೆ. ಮೂರನೆಯದು ರಾತ್ರಿ ಹೊತ್ತು ಅದು ಹೊಟ್ಟೆಯಲ್ಲಿ ಹೇಗೆ ಕೂರುತ್ತದೆ ಎನ್ನುವುದು. ಕಡಲೆಬೇಳೆ ತಿಂದು ಹತ್ತು ನಿಮಿಷಕ್ಕೆ ಮಲಗಿದರೆ ಉಬ್ಬರ ತಪ್ಪಿದ್ದಲ್ಲ. ಕೊನೆಯದಾಗಿ, ಮನೆಯವರೆಲ್ಲ ಒಟ್ಟಿಗೆ ಕೂತು ಉಣ್ಣುತ್ತಾರಾ, ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಬರುತ್ತಾರಾ ಎಂದೂ ಯೋಚಿಸಿ. ಮಂಡಕ್ಕಿ ಹತ್ತು ನಿಮಿಷ ಕಾಯುವುದಿಲ್ಲ, ಬೇಯಿಸಿದ ಕಡಲೆ ಎರಡು ಗಂಟೆ ಕಾದರೂ ರುಚಿ ಕೆಡುವುದಿಲ್ಲ.

ದುಡ್ಡಿನ ಲೆಕ್ಕಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಇವೆಲ್ಲವೂ ಹೋಟೆಲಿನ ಒಂದು ಪ್ಲೇಟ್ ತಿಂಡಿಗಿಂತ ಅಗ್ಗವೇ. ದುಬಾರಿಯಾಗುವುದು ಮೇಲಿಂದ ಸೇರಿಸುವ ದಾಳಿಂಬೆ, ಗೋಡಂಬಿ, ಪನೀರ್‌ನಿಂದ.

ಹೆಸರುಬೇಳೆ ಕೋಸಂಬರಿ

ಬೇರೇನೂ ಯೋಚಿಸಲು ಪುರುಸೊತ್ತಿಲ್ಲದಿದ್ದರೆ ಇದನ್ನೇ ಹಿಡಿಯಿರಿ. ರಾಮನವಮಿಗೆ ಪಾನಕ, ಮಜ್ಜಿಗೆ ಜೊತೆ ಹಂಚುವ ಇದು ಬಿಸಿಲಿನ ದಿನಕ್ಕೆ ಹೇಳಿ ಮಾಡಿಸಿದ್ದು. ಬೇಳೆಗಳಲ್ಲೆಲ್ಲ ಹೊಟ್ಟೆಗೆ ಹಗುರವಾದ್ದು ಕೂಡ.

ಒಬ್ಬರಿಗೆ 60 ಗ್ರಾಂ ಬೇಳೆ ಎಂದರೆ 200 ಮಿಲಿ ಲೋಟದಲ್ಲಿ ಮೂರನೇ ಒಂದು ಭಾಗಕ್ಕಿಂತ ತುಸು ಜಾಸ್ತಿ. ನೀರು ತಿಳಿಯಾಗುವವರೆಗೆ ಮೂರು ನಾಲ್ಕು ಸಲ ತೊಳೆದು, ಮೂರು ಪಟ್ಟು ನೀರಲ್ಲಿ 30ರಿಂದ 45 ನಿಮಿಷ ನೆನೆಸಿ. ಅಷ್ಟೂ ಹೊತ್ತಿಲ್ಲದಿದ್ದರೆ ಬಿಸಿನೀರು ಹಾಕಿ, 15-20 ನಿಮಿಷಕ್ಕೆ ಕೆಲಸ ಮುಗಿಯುತ್ತದೆ. ಆದರೆ ಕುದಿಯುವ ನೀರು ಹಾಕಬೇಡಿ. ಬೇಳೆಯ ಹೊರಮೈ ಅರೆಬೆಂದು ಅಂಟಂಟಾಗುತ್ತದೆ, ಒಳಗೆ ಮಾತ್ರ ಹಸಿಯಾಗಿಯೇ ಉಳಿಯುತ್ತದೆ.

ನೆಂದಿದೆಯೇ ಎಂದು ಗಡಿಯಾರ ನೋಡುವುದಕ್ಕಿಂತ ಉಗುರಿನಿಂದ ನೋಡುವುದು ಒಳ್ಳೆಯದು. ಒಂದು ಬೇಳೆ ತೆಗೆದು ಹೆಬ್ಬೆರಳಿನ ಉಗುರಿನಿಂದ ಒತ್ತಿ. ಕಟ್ ಎಂದು ಎರಡಾಗಬೇಕು, ನಡುವೆ ಒಣಗಿದ ಬಿಳಿ ಚುಕ್ಕೆ ಕಾಣಬಾರದು. ಒತ್ತಿದ ಕೂಡಲೇ ಹಿಟ್ಟಾಗಿ ಉಗುರಿಗೆ ಮೆತ್ತಿಕೊಂಡರೆ ಹೊತ್ತು ಮೀರಿದೆ ಎಂದರ್ಥ. ಬೆಳಿಗ್ಗೆ ನೆನೆಹಾಕಿ ರಾತ್ರಿ ತೆಗೆಯುವ ಬೇಳೆ ಇದಲ್ಲ. ಬೇಸಿಗೆಯಲ್ಲಿ ಅಷ್ಟು ಹೊತ್ತು ಹೊರಗಿಟ್ಟರೆ ನೊರೆ ಬಂದು ಹುಳಿ ವಾಸನೆ ಹೊಡೆಯುತ್ತದೆ.

ಮುಂದಿನ ಹಂತವನ್ನೇ ಬಹಳ ಜನ ಬಿಟ್ಟುಬಿಡುತ್ತಾರೆ. ಬೇಳೆಯನ್ನು ಜಾಲರಿಗೆ ಸುರಿದು ಐದು ನಿಮಿಷ ಬಸಿಯಲು ಬಿಡಬೇಕು, ಸಾಧ್ಯವಾದರೆ ಒಣ ಬಟ್ಟೆಯ ಮೇಲೆ ಹರಡಬೇಕು. ಬೇಳೆಯ ನೀರು, ಸೌತೆಕಾಯಿಯ ನೀರು ಎರಡೂ ಸೇರಿ ತಟ್ಟೆಯ ತಳದಲ್ಲಿ ಕೆರೆ ಕಟ್ಟುತ್ತದೆ, ಉಪ್ಪು ಹುಳಿ ಎಲ್ಲ ಅಲ್ಲಿಗೆ ಇಳಿದು ಮೇಲಿನದು ಸಪ್ಪೆಯಾಗುತ್ತದೆ. ಸೌತೆಕಾಯಿಯ ತುದಿ ಕತ್ತರಿಸಿ ಮೊದಲು ಕಹಿ ನೋಡಿ, ಬೀಜ ಬಲಿತಿದ್ದರೆ ತೆಗೆದುಹಾಕಿ, ಸಣ್ಣಗೆ ಹೆಚ್ಚಿ. ತುರಿಯಬೇಡಿ, ತುರಿದರೆ ನೀರು ಇನ್ನಷ್ಟು ಬಿಡುತ್ತದೆ. ಕ್ಯಾರೆಟ್ ಮಾತ್ರ ತುರಿದರೇ ಚೆಂದ.

ಒಗ್ಗರಣೆಗೆ ಎರಡು ಚಿಕ್ಕ ಚಮಚ ಎಣ್ಣೆ, ಅರ್ಧ ಚಮಚ ಸಾಸಿವೆ, ಚಿಟಿಕೆ ಇಂಗು, ಒಂದು ಹಸಿಮೆಣಸಿನಕಾಯಿ, ಕರಿಬೇವು. ಸಾಸಿವೆ ಪೂರ್ತಿ ಸಿಡಿದು ಸದ್ದು ನಿಲ್ಲುವವರೆಗೆ ಕಾಯಿರಿ, ಸಿಡಿಯದ ಸಾಸಿವೆ ಬಾಯಿಗೆ ಸಿಕ್ಕರೆ ಕಹಿ. ಒಗ್ಗರಣೆ ಆರಿದ ಮೇಲೆ ಬೇಳೆಗೆ ಹಾಕಿ, ಎರಡು ದೊಡ್ಡ ಚಮಚ ಕಾಯಿತುರಿ, ಕೊತ್ತಂಬರಿ ಸೇರಿಸಿ. ಉಪ್ಪು, ನಿಂಬೆರಸ ಎರಡೂ ತಟ್ಟೆ ಮುಂದೆ ಕೂತ ಮೇಲೆ. ಉಪ್ಪು ಬಿದ್ದ ಗಳಿಗೆಯಿಂದ ಸೌತೆಕಾಯಿ ನೀರು ಬಿಡಲು ಶುರುಮಾಡುತ್ತದೆ, ಹದಿನೈದು ನಿಮಿಷದ ಮೇಲೆ ಅದನ್ನು ತಡೆಯಲು ಯಾವ ಉಪಾಯವೂ ಇಲ್ಲ. ಮಾರ್ಚ್‌ನಿಂದ ಮೇ ತನಕ ತೋತಾಪುರಿ ಕಾಯಿ ಸಿಕ್ಕರೆ ನಿಂಬೆಹಣ್ಣನ್ನು ಪಕ್ಕಕ್ಕಿಡಿ.

ಈ ಅಳತೆಯಲ್ಲಿ ಸುಮಾರು 370 ಕ್ಯಾಲೊರಿ, 15 ಗ್ರಾಂ ಪ್ರೋಟೀನ್ ಸಿಗುತ್ತದೆ. ಜೊತೆಗೆ ಒಂದು ಲೋಟ ಮಜ್ಜಿಗೆ ಕುಡಿದರೆ ಊಟ ಪೂರ್ತಿ. ಕೊರತೆ ಇರುವುದು ಒಂದು ಕಡೆ: ಹಸಿ ತರಕಾರಿ ಇಲ್ಲದೆ ಬರೀ ಬೇಳೆಯ ಕೋಸಂಬರಿ ಗಂಟಲಲ್ಲಿ ಇಳಿಯುವುದಿಲ್ಲ. ಹಸಿ ಬೇಳೆ ಒಗ್ಗದ ಹೊಟ್ಟೆಯವರು ಬಸಿದ ಬೇಳೆಯನ್ನು ಮೂರು ನಿಮಿಷ ಹಬೆಯಲ್ಲಿಟ್ಟು ತೆಗೆಯಲಿ.

ಕಡಲೆಬೇಳೆ

ಮಾಡುವ ವಿಧಾನ ಅದೇ, ನೆನೆಸಲು ಮಾತ್ರ ಎರಡರಿಂದ ಮೂರು ಗಂಟೆ. ಕಚ್ಚಿದರೆ ಕುರುಕುರು ಎನ್ನುವ ರುಚಿಗೆ ಸೋಲದವರಿಲ್ಲ. ಆದರೆ ರಾತ್ರಿಗೆ ಇದನ್ನು ಆರಿಸುವುದು ಬೇಡ ಎಂದೇ ನಮ್ಮ ಅಭಿಪ್ರಾಯ. ಹಸಿ ಕಡಲೆಬೇಳೆಯ ವಾಯು ಇಂಗಿಗೂ ಶುಂಠಿಗೂ ಪೂರ್ತಿ ಬಗ್ಗುವುದಿಲ್ಲ. ಹಲ್ಲು ಸಡಿಲವಾದ ಹಿರಿಯರಿಗಂತೂ ಸಲ್ಲದು. ಮಧ್ಯಾಹ್ನದ ಡಬ್ಬಿಗೆ, ಅದೂ ಒಂದು ಹಿಡಿ ಪ್ರಮಾಣದಲ್ಲಿ, ಚೆನ್ನಾಗಿರುತ್ತದೆ.

ಮೊಳಕೆ ಕಾಳು

ಹೆಸರುಕಾಳು, ಮಡಕೆಕಾಳು, ಹುರುಳಿ. ಇಲ್ಲಿ ದಿಢೀರ್ ಎಂಬ ಮಾತಿಲ್ಲ, ಒಂದು ದಿನ ಮುಂಚೆ ಯೋಚಿಸಿರಬೇಕು. ಎಂಟು ಗಂಟೆ ನೆನೆಸಿ, ನೀರು ಪೂರ್ತಿ ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಹೆಸರುಕಾಳು ಬೆಚ್ಚಗಿನ ದಿನಗಳಲ್ಲಿ ಎಂಟರಿಂದ ಹನ್ನೆರಡು ಗಂಟೆಗೆ ಮೊಳಕೆಯೊಡೆಯುತ್ತದೆ. ಡಿಸೆಂಬರಿನ ಬೆಂಗಳೂರಿನಲ್ಲಿ ಅದರ ಒಂದೂವರೆ ಪಟ್ಟು ಹಿಡಿಯಬಹುದು. ಮೊಳಕೆ ಬರುವ ಬದಲು ಲೋಳೆಯಾಗಿ ವಾಸನೆ ಬಂದಿದ್ದರೆ ನೀರು ಸರಿಯಾಗಿ ಬಸಿದಿಲ್ಲ ಎಂದು ತಿಳಿಯಿರಿ. ಅದನ್ನು ತೊಳೆದು ತಿನ್ನುವ ಆಸೆ ಬೇಡ, ಎಸೆಯಿರಿ.

ಮೊಳಕೆಗೆ ಬೇಕಾದ ಬೆಚ್ಚಗಿನ ತೇವದ ವಾತಾವರಣವೇ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾಕ್ಕೂ ಬೇಕು. ಆರೋಗ್ಯಕ್ಕೆ ಒಳ್ಳೆಯದೆಂದು ಎಲ್ಲರೂ ಹಸಿಯಾಗಿಯೇ ತಿನ್ನಿಸುವ ಈ ಕಾಳನ್ನು ಬಸುರಿಯರು, ಚಿಕ್ಕ ಮಕ್ಕಳು, ವಯಸ್ಸಾದವರು, ಕಾಯಿಲೆಯಿಂದಲೋ ಔಷಧಿಯಿಂದಲೋ ರೋಗನಿರೋಧಕ ಶಕ್ತಿ ಕುಗ್ಗಿರುವವರು ಹಸಿಯಾಗಿ ತಿನ್ನಬಾರದು. ಅವರಿಗೆ ಕಾಳು ಒಳಗಿನವರೆಗೂ ಬಿಸಿಯಾಗಿ ಮೆತ್ತಗಾಗುವಷ್ಟು ಹಬೆಯಲ್ಲಿ ಬೇಯಿಸಿ ಕೊಡಿ. ಉಳಿದವರಿಗೂ ಐದು ನಿಮಿಷದ ಹಬೆ ನಷ್ಟವೇನಲ್ಲ, ಹಸಿ ವಾಸನೆ ಹೋಗಿ ಒಗ್ಗರಣೆಯ ಪರಿಮಳ ಚೆನ್ನಾಗಿ ಹಿಡಿಯುತ್ತದೆ. ವಾರಕ್ಕೆರಡು ಸಲ ಇದೇ ಊಟ ಮಾಡುವವರು ಭಾನುವಾರ ಒಮ್ಮೆಗೇ ಮೊಳಕೆ ಬರಿಸಿ ಫ್ರಿಜ್ಜಿನಲ್ಲಿಟ್ಟು ಮೂರು ದಿನದೊಳಗೆ ಖಾಲಿ ಮಾಡುವುದು ಅನುಕೂಲ.

ಬೇಯಿಸಿದ ಕಾಳು: ಕಾಬೂಲಿ ಕಡಲೆ, ಅಲಸಂದೆ, ರಾಜ್ಮಾ

ಹಸಿವು ಜೋರಾಗಿರುವವರಿಗೆ, ಬೆವರು ಸುರಿಸಿ ಕೆಲಸ ಮಾಡಿ ಬಂದವರಿಗೆ, ಬೆಳೆಯುವ ಹುಡುಗರಿಗೆ ಇದೇ ಸರಿ. ಕಾಬೂಲಿ ಕಡಲೆಯನ್ನು ಬೆಳಿಗ್ಗೆ ಏಳಕ್ಕೆ ನೆನೆಸಿಟ್ಟು ಹೋದರೆ ಸಂಜೆಗೆ ತಯಾರು. ಬೇಸಿಗೆಯಲ್ಲಿ ಪಾತ್ರೆಯನ್ನು ಫ್ರಿಜ್ಜಿನೊಳಗೆ ಇಟ್ಟು ಹೋಗಿ. ನೆನೆಸುವ ನೀರಿಗೆ ಒಂದು ಚಮಚ ಉಪ್ಪು ಹಾಕಿದರೆ ಸಿಪ್ಪೆ ಮೆತ್ತಗಾಗುತ್ತದೆ. ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕುಕ್ಕರಿನಲ್ಲಿಟ್ಟು ಮೂರು ಕೂಗು ಕೂಗಿಸಿ, ಆಮೇಲೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ. ಟೊಮೆಟೊ, ಹುಣಸೆ, ನಿಂಬೆ ಯಾವುದನ್ನೂ ಬೇಯುವ ಮುಂಚೆ ಸೇರಿಸಬೇಡಿ, ಹುಳಿ ಬಿದ್ದರೆ ಕಾಳು ಗಟ್ಟಿಯಾಗಿಯೇ ಕೂತುಬಿಡುತ್ತದೆ. ಎಷ್ಟು ಕೂಗಿಸಿದರೂ ಬೇಯದಿದ್ದರೆ ಕಾಳು ಹಳೆಯದು, ಇಲ್ಲವೇ ಬೋರ್‌ವೆಲ್ ನೀರು ಗಡಸು. ಚಿಟಿಕೆ ಅಡುಗೆ ಸೋಡಾ ನೆರವಾಗುತ್ತದೆ, ಆದರೆ ಜಾಸ್ತಿಯಾದರೆ ಕಾಳು ಪಾಯಸವಾಗಿ ಸೋಪಿನ ರುಚಿ ಬರುತ್ತದೆ.

ನೆನೆಸುವುದು ಮರೆತೇಹೋಯಿತೇ? ಅಲಸಂದೆ ತೆಗೆಯಿರಿ. ನೆನೆಸದಿದ್ದರೂ ಕುಕ್ಕರಿನಲ್ಲಿ ಐದಾರು ಕೂಗಿಗೆ ಬೇಯುವ ಕಾಳು ಅದು. ರುಚಿಯಲ್ಲಿ ಮಣ್ಣಿನ ವಾಸನೆ ತುಸು ಇರುತ್ತದೆ, ಹಸಿ ಈರುಳ್ಳಿ, ನಿಂಬೆ ಎರಡೂ ಧಾರಾಳವಾಗಿ ಬಿದ್ದರೆ ಅದು ಗೊತ್ತಾಗುವುದಿಲ್ಲ.

ರಾಜ್ಮಾದ ವಿಷಯದಲ್ಲಿ ಮಾತ್ರ ಅವಸರ ಬೇಡವೇ ಬೇಡ. ಹಸಿ ರಾಜ್ಮಾದಲ್ಲಿ ವಾಂತಿ ಭೇದಿ ತರಿಸುವ ಲೆಕ್ಟಿನ್ ಎಂಬ ಪದಾರ್ಥ ಇದೆ. ನೆನೆಸಿದ ನೀರು ಚೆಲ್ಲಿ, ಕಡಿಮೆಯೆಂದರೂ ಹತ್ತು ನಿಮಿಷ ಚೆನ್ನಾಗಿ ಕುದಿಸಿದರೆ ಮಾತ್ರ ಅದು ನಾಶವಾಗುತ್ತದೆ. ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿದರೆ ಚಿಂತೆಯಿಲ್ಲ. ಕುದಿ ಬಾರದಂತೆ ಸಣ್ಣ ಶಾಖದಲ್ಲಿ ಗಂಟೆಗಟ್ಟಲೆ ಇಡುವ ಸ್ಲೋ ಕುಕ್ಕರಿನಲ್ಲಿ ಹಸಿ ರಾಜ್ಮಾ ಹಾಕಬಾರದು, ಅದನ್ನು ಮೊಳಕೆ ಬರಿಸಿ ಹಸಿಯಾಗಿ ತಿನ್ನಲೂಬಾರದು.

ಅಮೆರಿಕ, ಇಂಗ್ಲೆಂಡ್, ಗಲ್ಫ್ ಕಡೆ ಇರುವ ಕನ್ನಡಿಗರಿಗೆ ಈ ನೆನೆಸುವ ಗೋಜೇ ಇಲ್ಲ, ಟಿನ್ ಕಡಲೆ ಸಿಗುತ್ತದೆ. 400 ಗ್ರಾಂ ಟಿನ್ನಿನಲ್ಲಿ ನೀರು ಬಸಿದರೆ ಸುಮಾರು 240 ಗ್ರಾಂ ಕಾಳು ಉಳಿಯುತ್ತದೆ, ಅದು ಇಬ್ಬರ ಊಟಕ್ಕೆ ಬರುತ್ತದೆ. ಜಾಲರಿಯಲ್ಲಿ ಹಾಕಿ ನಲ್ಲಿಯ ಕೆಳಗೆ ಚೆನ್ನಾಗಿ ತೊಳೆಯಿರಿ. ಟಿನ್ನಿನ ಉಪ್ಪು ಗಣನೀಯವಾಗಿ ಇಳಿಯುತ್ತದೆ, ಲೋಳೆಯೂ ಹೋಗುತ್ತದೆ. ಮೇಲೆ ಇಂಗು-ಕರಿಬೇವಿನ ಒಗ್ಗರಣೆ ಬಿದ್ದರೆ ಟಿನ್ನಿನದು ಎಂದು ಹೇಳಿದರೂ ಯಾರೂ ನಂಬುವುದಿಲ್ಲ. ಊರಲ್ಲಿರುವವರು ಒಂದೇ ಸಲ ಅರ್ಧ ಕೆಜಿ ಕಡಲೆ ಬೇಯಿಸಿ, ನೀರು ಬಸಿದು, ಒಂದೊಂದು ಹೊತ್ತಿನ ಪ್ರಮಾಣ ಕಟ್ಟಿ ಫ್ರೀಜರ್‌ಗೆ ಹಾಕಿದರೆ ಅದೇ ಅನುಕೂಲ ಅಗ್ಗದಲ್ಲಿ ಸಿಕ್ಕಂತಾಯಿತು.

ಹಚ್ಚಿದ ಅವಲಕ್ಕಿ

ಕರೆಂಟ್ ಇಲ್ಲ, ಗ್ಯಾಸ್ ಮುಗಿದಿದೆ, ಹಸಿವಾಗಿದೆ ಎನ್ನುವ ದಿನಕ್ಕೆ ಅವಲಕ್ಕಿ. ಹತ್ತೇ ನಿಮಿಷ. ಆದರೆ ಯಾವ ಅವಲಕ್ಕಿ ಎಂಬುದನ್ನು ನೋಡಿಕೊಳ್ಳಿ. ಗಟ್ಟಿ ಅವಲಕ್ಕಿಯನ್ನು ಎರಡು ಮೂರು ನಿಮಿಷ ನೀರಿನಲ್ಲಿಟ್ಟು ಬಸಿದು ಹತ್ತು ನಿಮಿಷ ಮುಚ್ಚಿಡಬೇಕು. ಮಧ್ಯಮದ್ದನ್ನು ಜಾಲರಿಯಲ್ಲಿ ಹಾಕಿ ನಲ್ಲಿಯ ಕೆಳಗೆ ಒಮ್ಮೆ ಹಾಯಿಸಿದರೆ ಸಾಕು. ತೆಳು ಅವಲಕ್ಕಿಗೆ ನೀರು ತೋರಿಸಲೇಬಾರದು, ಮುದ್ದೆಯಾಗುತ್ತದೆ.

ತೆಳು ಅವಲಕ್ಕಿಯಲ್ಲಿ ಕೋಸಂಬರಿಯ ನಿಯಮವೇ ತಲೆಕೆಳಗು. ಅಲ್ಲಿ ಉಪ್ಪು ಕೊನೆಗೆ, ಇಲ್ಲಿ ಮೊದಲಿಗೆ. ಹೆಚ್ಚಿದ ಸೌತೆಕಾಯಿ, ಈರುಳ್ಳಿ, ಕಾಯಿತುರಿ, ಹಸಿಮೆಣಸಿಗೆ ಉಪ್ಪು, ನಿಂಬೆರಸ, ಚಿಟಿಕೆ ಸಕ್ಕರೆ ಹಾಕಿ ಕೈಯಲ್ಲಿ ಕಿವುಚಿ ಐದು ನಿಮಿಷ ಬಿಡಿ. ಬಿಟ್ಟುಕೊಂಡ ಆ ನೀರೇ ಅವಲಕ್ಕಿಯನ್ನು ಹದವಾಗಿ ಮೆತ್ತಗೆ ಮಾಡುತ್ತದೆ. ಗ್ಯಾಸ್ ಇದ್ದರೆ ಮೇಲೊಂದು ಒಗ್ಗರಣೆ, ಇಲ್ಲದಿದ್ದರೆ ಒಂದು ಚಮಚ ಹಸಿ ಕೊಬ್ಬರಿ ಎಣ್ಣೆ.

ಹೊಟ್ಟೆ ತುಂಬಿದಂತೆ ಅನ್ನಿಸಿದರೂ ಬರೀ ಅವಲಕ್ಕಿ ಬೇಗ ಕರಗಿಹೋಗುತ್ತದೆ. 60 ಗ್ರಾಂ ಅವಲಕ್ಕಿಗೆ 30 ಗ್ರಾಂ ಹುರಿದ ಶೇಂಗಾ, ಒಂದು ಬಟ್ಟಲು ಮೊಸರು ಸೇರಿದರೆ ಪ್ರೋಟೀನ್ ನಾಲ್ಕೈದು ಗ್ರಾಂನಿಂದ 16-17ಕ್ಕೆ ಏರುತ್ತದೆ. ಶೇಂಗಾ ಹಾಕುವ ಮುಂಚೆ ಒಂದೊಂದು ಕಣ್ಣಾಡಿಸಿ ನೋಡಿ. ಕಪ್ಪಾದ, ಬೂಷ್ಟು ಹಿಡಿದ, ಕಹಿಯಾದ ಬೀಜ ಬೇಡ. ಬೂಷ್ಟಿನ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ. ಸಕ್ಕರೆ ಕಾಯಿಲೆ ಇರುವವರು ಅವಲಕ್ಕಿಯನ್ನು ಅರ್ಧಕ್ಕಿಳಿಸಿ, ಆ ಜಾಗಕ್ಕೆ ಬೇಯಿಸಿದ ಕಾಳನ್ನೋ ನೆನೆಸಿದ ಹೆಸರುಬೇಳೆಯನ್ನೋ ಸೇರಿಸಿಕೊಳ್ಳಲಿ.

ಮಂಡಕ್ಕಿ

ಕಡಲೆಪುರಿ ಎನ್ನಿ, ಚುರುಮುರಿ ಎನ್ನಿ, ಇದು ಊಟಕ್ಕಿಂತ ಬಾಯಿಚಪಲ. 40 ಗ್ರಾಂ ಹಾಕಿದರೆ ದೊಡ್ಡ ಬೋಗುಣಿ ತುಂಬುತ್ತದೆ, ಹೊಟ್ಟೆ ತುಂಬುವುದಿಲ್ಲ. ಊಟದ ಮಟ್ಟಕ್ಕೆ ಏರಿಸಬೇಕೆಂದರೆ ಎರಡು ದೊಡ್ಡ ಚಮಚ ಹುರಿಗಡಲೆ ಪುಡಿ, ಒಂದು ಹಿಡಿ ಶೇಂಗಾ, ಈರುಳ್ಳಿ, ಟೊಮೆಟೊ ಎಲ್ಲ ಬೇಕು. ಧಾರವಾಡದ ಗಿರ್ಮಿಟ್ಟಿಗೆ ರುಚಿ ಬರುವುದೇ ಆ ಪುಟಾಣಿ (ಹುರಿಗಡಲೆ) ಹಿಟ್ಟಿನಿಂದ, ಬಾಣಲೆಯಲ್ಲಿ ಬಾಡಿಸಿದ ಈರುಳ್ಳಿ-ಹುಣಸೆರಸದ ಮಸಾಲೆಯಿಂದ. ಮಂಡಕ್ಕಿ ಮೆತ್ತಗಾಗಿದ್ದರೆ ಒಣ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಎರಡು ಮೂರು ನಿಮಿಷ ಆಡಿಸಿ. ಉಳಿದದ್ದೆಲ್ಲ ಕಲಸಿ ಆದ ಮೇಲೆ, ತಿನ್ನುವವರು ಎದುರಿಗೆ ಕೂತ ಮೇಲೆ ಮಂಡಕ್ಕಿ ಸುರಿಯಬೇಕು.

ರೊಟ್ಟಿ ಇದ್ದರೆ

ಉತ್ತರ ಕರ್ನಾಟಕದ ಮನೆಗಳಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಡಬ್ಬದಲ್ಲಿ ಕಡಕ್ ಜೋಳದ ರೊಟ್ಟಿ ವಾರಗಟ್ಟಲೆ ಇರುತ್ತದೆ, ಶೇಂಗಾ ಹಿಂಡಿ (ಚಟ್ನಿಪುಡಿ), ಗುರೆಳ್ಳು (ಹುಚ್ಚೆಳ್ಳು) ಪುಡಿ ಇರುತ್ತವೆ. ಮೆಂತ್ಯಸೊಪ್ಪು, ಈರುಳ್ಳಿ, ಮೂಲಂಗಿ ಅಥವಾ ಸೌತೆಕಾಯಿ ಹೆಚ್ಚಿ, ಗುರೆಳ್ಳು ಪುಡಿ, ಉಪ್ಪು, ಒಂದು ಚಮಚ ಶೇಂಗಾ ಎಣ್ಣೆ ಹಾಕಿ ಕಲಸಿದರೆ ಪಚಡಿ ಆಯಿತು. ಎರಡು ರೊಟ್ಟಿ, ಪಚಡಿ, ಗಟ್ಟಿ ಮೊಸರು. ಒಲೆ ಹಚ್ಚುವ ಕೆಲಸವಿಲ್ಲ, ನೆನೆಸುವ ಕೆಲಸವೂ ಇಲ್ಲ. ಮೆಂತ್ಯಸೊಪ್ಪು ಎಳೆಯದಾಗಿರಲಿ, ಬಲಿತದ್ದು ಹಸಿಯಾಗಿ ಬಹಳ ಕಹಿ. ಸೊಪ್ಪನ್ನು ಮೂರು ನೀರಿನಲ್ಲಿ ತೊಳೆಯದಿದ್ದರೆ ಹಲ್ಲಿಗೆ ಮರಳು ಸಿಗುತ್ತದೆ. ಬೆಂಗಳೂರಿನಲ್ಲೂ ಈಗ ಅಂಗಡಿಗಳಲ್ಲಿ ಕಡಕ್ ರೊಟ್ಟಿಯ ಕಟ್ಟು ಸಿಗುವುದರಿಂದ ಈ ದಾರಿ ಎಲ್ಲರಿಗೂ ಉಂಟು.

ಹಾಗಾದರೆ ಯಾರಿಗೆ ಯಾವುದು

ಒಂಟಿಯಾಗಿ ರೂಮು ಮಾಡಿಕೊಂಡಿರುವವರು ಹೆಸರುಬೇಳೆ, ಶೇಂಗಾ, ಮಧ್ಯಮ ಅವಲಕ್ಕಿ ಈ ಮೂರನ್ನು ಡಬ್ಬದಲ್ಲಿ ತುಂಬಿಟ್ಟುಕೊಂಡರೆ ವಾರದ ಮಟ್ಟಿಗೆ ಚಿಂತೆಯಿಲ್ಲ. ಬಂದ ಕೂಡಲೇ ಬೇಳೆ ನೆನೆಹಾಕಿ ಸ್ನಾನಕ್ಕೆ ಹೋಗುವುದು, ಬರುವಷ್ಟರಲ್ಲಿ ಅದು ತಯಾರು. ವಯಸ್ಸಾದ ತಂದೆತಾಯಿ ಇರುವ ಮನೆಗೆ ಹಬೆಯಲ್ಲಿಟ್ಟ ಹೆಸರುಬೇಳೆ ಅಥವಾ ಮೊಸರು ಬೆರೆಸಿದ ಅವಲಕ್ಕಿ. ಚಿಕ್ಕ ಮಕ್ಕಳಿಗೆ ಇಡೀ ಶೇಂಗಾ, ಇಡೀ ಕಡಲೆ ಗಂಟಲಿಗೆ ಸಿಕ್ಕುವ ಭಯ ಇರುವುದರಿಂದ ಜಜ್ಜಿ ಅಥವಾ ಪುಡಿ ಮಾಡಿಯೇ ಕೊಡಿ. ತೂಕ ಇಳಿಸುವ ಲೆಕ್ಕದಲ್ಲಿರುವವರು ಎಣ್ಣೆ ಪೂರ್ತಿ ಬಿಡುವುದಕ್ಕಿಂತ ಮಂಡಕ್ಕಿ ಬಿಟ್ಟು ಕಾಳು ಹಿಡಿಯುವುದು ಮೇಲು. ಕಿಡ್ನಿಯ ತೊಂದರೆಯಿಂದ ಪ್ರೋಟೀನ್‌ಗೆ ಮಿತಿ ಇರುವವರು ಬೇಳೆಯ ಅಳತೆಯನ್ನು ವೈದ್ಯರನ್ನು ಕೇಳಿಯೇ ನಿಗದಿ ಮಾಡಿಕೊಳ್ಳಲಿ.

ತರಕಾರಿ ಬುಟ್ಟಿ ಖಾಲಿಯಾಗಿದ್ದು ಈರುಳ್ಳಿ ಮಾತ್ರ ಇದ್ದರೆ ಕೋಸಂಬರಿ ಕೈಬಿಟ್ಟು ಬೇಯಿಸಿದ ಕಾಳಿಗೆ ಹೋಗಿ. ಎಲೆಕೋಸು, ಕ್ಯಾರೆಟ್, ಮೂಲಂಗಿ ಫ್ರಿಜ್ಜಿನಲ್ಲಿ ವಾರ ಕಾಲ ನಿಲ್ಲುವ ತರಕಾರಿಗಳು, ಸೌತೆಕಾಯಿ ಮೂರ್ನಾಲ್ಕು ದಿನಕ್ಕೆ ಬಾಡುತ್ತದೆ. ಹಸಿ ಕಾಯಿ ಇಲ್ಲದ ದಿನ ಒಣಕೊಬ್ಬರಿ ತುರಿದು ಹಾಕಿ. ಯಾವುದನ್ನೇ ತಿಂದರೂ ಕೂಡಲೇ ಕಾಫಿ ಟೀ ಬೇಡ, ಕಾಳಿನ ಕಬ್ಬಿಣಾಂಶ ಮೈಗೆ ಹತ್ತುವುದಕ್ಕೆ ನಿಂಬೆರಸ ಮಾಡುವ ಸಹಾಯವನ್ನು ಅದು ಕೆಡಿಸುತ್ತದೆ.

ಉಳಿದರೆ ಏನು ಮಾಡುವುದು ಎಂಬುದೂ ಆಯ್ಕೆಯ ಭಾಗವೇ. ಕಾಯಿತುರಿ, ಉಪ್ಪು ಬಿದ್ದ ಕೋಸಂಬರಿ ಬೆಳಗಿನವರೆಗೆ ನಿಲ್ಲುವುದಿಲ್ಲ, ಅಂದಂದೇ ಮುಗಿಸಿ. ಒಗ್ಗರಣೆಗೆ ಮುಂಚೆಯೇ ಹೆಚ್ಚಾಯಿತು ಅನ್ನಿಸಿದರೆ ಬಸಿದ ಬೇಳೆಯನ್ನು ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್ಜಿಗೆ ಸೇರಿಸಿ, ಮರುದಿನ ಬೆಳಿಗ್ಗೆ ಎರಡು ಹಸಿಮೆಣಸು, ಒಂದಿಂಚು ಶುಂಠಿ, ಜೀರಿಗೆ ಹಾಕಿ ತರಿತರಿಯಾಗಿ ರುಬ್ಬಿ ಕಾವಲಿಗೆ ಹುಯ್ದರೆ ದೋಸೆ.